ಗಿಲಾವು ಮುಗಿದಿದೆ, ಹಣ ಬಂದಿಲ್ಲ: ಉಪಗುತ್ತೇದಾರರು ಬಾಕಿ ವಸೂಲಿಗೆ ಇಡಬೇಕಾದ ಹೆಜ್ಜೆಗಳು

ಕಲಬುರಗಿಯ ಹೊರವಲಯದ ಬಡಾವಣೆಗಳಲ್ಲಿ ಒಂದು ಮನೆ ಎದ್ದು ನಿಲ್ಲುವಷ್ಟರಲ್ಲಿ ಅದರಲ್ಲಿ ಏಳೆಂಟು ಜನರ ಗುತ್ತಿಗೆ ಸೇರಿರುತ್ತದೆ. ಮನೆಯ ಯಜಮಾನರು ಚದರ ಅಡಿ ಲೆಕ್ಕದಲ್ಲಿ ಇಡೀ ಕಟ್ಟಡವನ್ನು ಬಿಲ್ಡರ್‌ಗೆ ಒಪ್ಪಿಸುತ್ತಾರೆ. ಬಿಲ್ಡರ್ ಸೆಂಟ್ರಿಂಗನ್ನು (ಸ್ಲ್ಯಾಬಿಗೆ ಅಚ್ಚು ಕಟ್ಟುವ ಕೆಲಸ) ಒಬ್ಬರಿಗೆ, ಗೌಂಡಿ (ಗಾರೆ) ಕೆಲಸವನ್ನೂ ಗಿಲಾವನ್ನೂ (ಗೋಡೆಯ ಪ್ಲಾಸ್ಟರಿಂಗ್) ಇನ್ನೊಬ್ಬರಿಗೆ, ಫರ್ಸಿ (ನೆಲಹಾಸು ಕಲ್ಲು), ಟೈಲ್ಸ್, ವೈರಿಂಗ್, ನಳದ ಕೆಲಸ, ಬಣ್ಣ ಇವನ್ನು ಮತ್ತೆ ಬೇರೆಬೇರೆಯವರಿಗೆ ಹಂಚುತ್ತಾರೆ. ಕಾಗದ, ಸಹಿ ಎಂಬುವು ಮೊದಲಿನ ಒಪ್ಪಂದದಲ್ಲಿ ಮಾತ್ರ ಇರುತ್ತವೆ. ಅದರ ಕೆಳಗಿನದೆಲ್ಲ ಬಾಯಿಮಾತಿನ ದರ, ಒಂದಿಷ್ಟು ಮುಂಗಡ, ಆಳುಗಳ ಪಗಾರಕ್ಕೆಂದು ವಾರಕ್ಕೊಮ್ಮೆ ಸಿಗುವ ಹಣ. ಕೆಲಸ ಮುಗಿಯುತ್ತಿದ್ದಂತೆ ‘ಫೈನಲ್ ಲೆಕ್ಕ ಮಾಡೂಣು, ತಡೀರಿ’ ಎಂಬ ಮಾತು ಶುರುವಾಗುತ್ತದೆ, ಮತ್ತು ಆ ಲೆಕ್ಕ ತಿಂಗಳುಗಟ್ಟಲೆ ಆಗುವುದೇ ಇಲ್ಲ.

ಈ ಲೇಖನ ಅಂಥ ಉಪಗುತ್ತೇದಾರರಿಗಾಗಿ. ಇಂಥ ಕೆಲವು ಜಗಳಗಳಲ್ಲಿ ಎರಡೂ ಕಡೆಯವರು ಒಪ್ಪಿದ ಮೇಲೆ ಟೇಪು ಹಿಡಿದು ಅಳತೆ ಮಾಡಿಕೊಟ್ಟವನು ನಾನು. ನಾನು ಕಂಡ ಮಟ್ಟಿಗೆ, ಹಣ ಕೊಡುವ ಮನಸ್ಸೇ ಇಲ್ಲದ ಬಿಲ್ಡರ್‌ಗಳಿಗಿಂತ ಅಳತೆಯನ್ನು ಒಪ್ಪದ ಬಿಲ್ಡರ್‌ಗಳೇ ಹೆಚ್ಚು. ಆದ್ದರಿಂದ ನೋಟಿಸು, ಕೋರ್ಟುಗಳಿಗಿಂತ ಮೊದಲು ಟೇಪಿನ ವಿಷಯವನ್ನೇ ವಿಸ್ತಾರವಾಗಿ ಬರೆದಿದ್ದೇನೆ.

ಹಣ ಯಾರಿಂದ ಬರಬೇಕು?

ಇದು ಹುಡುಗಾಟಿಕೆಯ ಪ್ರಶ್ನೆಯಲ್ಲ. ಸೈಟಿನ ಫಲಕದ ಮೇಲೆ ಒಂದು ಹೆಸರಿರುತ್ತದೆ, ಫೋನ್‌ಪೇಯಲ್ಲಿ ಹಣ ಬಂದದ್ದು ಬಿಲ್ಡರ್‌ನ ತಮ್ಮನ ಖಾತೆಯಿಂದ, ಸಿಮೆಂಟಿನ ಬಿಲ್ಲು ಮೂರನೆಯವರ ಹೆಸರಿನಲ್ಲಿ. ನಾಳೆ ನೋಟಿಸು ಕಳಿಸುವಾಗ ತಪ್ಪು ಹೆಸರಿಗೆ ಕಳಿಸಿದರೆ ‘ಇವರು ಯಾರೋ ನಮಗೆ ಗೊತ್ತಿಲ್ಲ’ ಎಂಬ ಉತ್ತರ ಬರುವುದು ಖಚಿತ. ಬಿಲ್ಡರ್ ಒಬ್ಬರೇ ಮಾಲೀಕರೇ, ಪಾಲುದಾರಿಕೆ ಸಂಸ್ಥೆಯೇ, ಪ್ರೈವೇಟ್ ಲಿಮಿಟೆಡ್ ಕಂಪನಿಯೇ ಎಂಬುದನ್ನು ಅವರ ಜಿಎಸ್‌ಟಿ ಸಂಖ್ಯೆ, ಚೆಕ್ಕಿನ ಮೇಲಿನ ಹೆಸರು, ಬಿಲ್ಲಿನ ಶಿರೋನಾಮೆ ಇವುಗಳಿಂದ ತಿಳಿದು ಬರೆದಿಟ್ಟುಕೊಳ್ಳಿ.

ಮನೆಯ ಯಜಮಾನರ ಮೇಲೆ ನೇರವಾಗಿ ಹಣ ಕೇಳುವ ಹಕ್ಕು ಸಾಮಾನ್ಯವಾಗಿ ಉಪಗುತ್ತೇದಾರರಿಗೆ ಇರುವುದಿಲ್ಲ, ಏಕೆಂದರೆ ಅವರಿಬ್ಬರ ನಡುವೆ ಒಪ್ಪಂದವೇ ಆಗಿಲ್ಲ. ಆದರೆ ಯಜಮಾನರೇ ಮುಂದೆ ನಿಂತು ‘ದೇವರ ಕೋಣ್ಯಾಗ ಇನ್ನೊಂದು ಗೂಡು ಮಾಡ್ರಿ, ಅದರ ರೊಕ್ಕ ನಾ ಕೊಡ್ತೀನಿ’ ಎಂದಿದ್ದರೆ ಆ ಗೂಡಿನ ಮಟ್ಟಿಗೆ ಅದು ಬೇರೆಯದೇ ಒಪ್ಪಂದ. ಅದನ್ನು ಬಿಲ್ಡರ್‌ನ ಲೆಕ್ಕದಲ್ಲಿ ಸೇರಿಸಬೇಡಿ. ಬಿಲ್ಡರ್‌ಗೆ ಕೊನೆಯ ಕಂತು ಕೊಡುವುದು ಬಾಕಿಯಿದ್ದರೆ, ನಿಮಗೆ ಹಣ ಬಂದಿಲ್ಲವೆಂಬುದನ್ನು ಯಜಮಾನರಿಗೆ ಸಭ್ಯವಾದ ಒಂದು ಪತ್ರದಲ್ಲಿ ತಿಳಿಸಬಹುದು. ಹೊಸ ಮನೆಯಲ್ಲಿ ತಕರಾರು ಇಟ್ಟುಕೊಂಡು ಗೃಹಪ್ರವೇಶ ಮಾಡಲು ಯಾರಿಗೂ ಇಷ್ಟವಿರುವುದಿಲ್ಲವಾದ್ದರಿಂದ ಈ ಪತ್ರ ಹಲವು ಸಲ ಕೆಲಸ ಮಾಡುತ್ತದೆ.

ಇನ್ನೊಂದು ಗೊಂದಲವನ್ನು ಇಲ್ಲಿಯೇ ಬಿಡಿಸಿಕೊಳ್ಳಬೇಕು. ದಿನಗೂಲಿಯ ಮೇಲೆ ದುಡಿದವರ ಬಾಕಿ ವೇತನದ ವಿಷಯ. ಅವರು ಕಾರ್ಮಿಕ ಇಲಾಖೆಯ ಕಚೇರಿಗೆ ಹೋಗಬಹುದು. ಚದರ ಅಡಿಗೆ ಇಷ್ಟು ಎಂದು ಗುತ್ತಿಗೆ ಹಿಡಿದು ತಾವೇ ಆಳುಗಳನ್ನಿಟ್ಟು ಮಾಡಿಸಿದವರದು ಸಿವಿಲ್ ವ್ಯವಹಾರ. ಗ್ರಾಹಕ ಆಯೋಗಕ್ಕೆ ಹೋಗಿ ಎಂದು ಸಲಹೆ ಕೊಡುವವರೂ ಇದ್ದಾರೆ, ಆದರೆ ಬಿಲ್ಡರ್‌ಗೆ ಕೆಲಸ ಮಾಡಿಕೊಟ್ಟವರು ಬಿಲ್ಡರ್‌ನ ಗ್ರಾಹಕರಾಗುವುದಿಲ್ಲ. ಹಾಗೆಯೇ, ಬಿಲ್ಡರ್ ಕೊಟ್ಟಿಲ್ಲ ಎಂಬ ಕಾರಣಕ್ಕೆ ನಿಮ್ಮ ಆಳುಗಳ ಕೂಲಿಯನ್ನು ನಿಲ್ಲಿಸುವ ಹಕ್ಕು ನಿಮಗೂ ಇಲ್ಲ.

ಅಳತೆ

ಗೋಡೆಗೆ ಪುಟ್ಟಿ ಬೀಳುವ ಮೊದಲು, ನೆಲಕ್ಕೆ ಟೈಲ್ಸ್ ಕೂರುವ ಮೊದಲು, ಸೀಲಿಂಗಿಗೆ ಪಿಒಪಿ ಮುಚ್ಚುವ ಮೊದಲು ಅಳತೆ ಆಗಬೇಕು. ಎಲ್ಲ ಮುಚ್ಚಿದ ಮೇಲೆ ಯಾವ ಗೋಡೆಯನ್ನು ಎರಡು ಸಲ ಮಾಡಿಸಿದರು, ಎಲ್ಲಿ ಎರಡಿಂಚು ದಪ್ಪ ತುಂಬಬೇಕಾಯಿತು ಎಂಬುದನ್ನು ತೋರಿಸಲು ಆಗುವುದಿಲ್ಲ.

ಅಳತೆಯ ದಿನ ಬಿಲ್ಡರ್ ಅಥವಾ ಅವರ ಸೂಪರ್‌ವೈಸರ್ ಟೇಪಿನ ಒಂದು ತುದಿಯನ್ನು ಹಿಡಿದಿರಬೇಕು. ಒಂದು ನೋಟುಬುಕ್ಕಿನಲ್ಲಿ ಕೋಣೆಯ ಹೆಸರು, ಉದ್ದ, ಎತ್ತರ, ಕಳೆಯಬೇಕಾದ ಬಾಗಿಲು ಮತ್ತು ಕಿಟಕಿ, ಬಂದ ಚದರ ಅಡಿ ಇವನ್ನು ಸಾಲುಸಾಲಾಗಿ ಬರೆದು, ಪ್ರತಿ ಪುಟದ ಕೆಳಗೆ ಇಬ್ಬರೂ ಸಹಿ ಮಾಡಿ, ಅಲ್ಲಿಯೇ ಆ ಪುಟಗಳ ಫೋಟೋ ತೆಗೆದು ಒಬ್ಬರಿಗೊಬ್ಬರು ವಾಟ್ಸ್ಆ್ಯಪಿನಲ್ಲಿ ಕಳಿಸಿಕೊಳ್ಳಬೇಕು. ಸೀಲಿಂಗು, ಹೊರಗೋಡೆ, ಪ್ಯಾರಾಪೆಟ್ ಇವುಗಳಿಗೆ ದರ ಬೇರೆಯಾಗಿದ್ದರೆ ಅವನ್ನು ಒಳಗೋಡೆಯ ಲೆಕ್ಕದಲ್ಲಿ ಬೆರೆಸಬಾರದು. ದರವನ್ನು ಬ್ರಾಸಿನಲ್ಲಿ ಮಾತಾಡಿದ್ದೀರೋ ಚದರ ಅಡಿಯಲ್ಲೋ ಎಂಬುದನ್ನೂ ಮೇಲೆಯೇ ಬರೆಯಿರಿ. ಗಿಲಾವಿನಲ್ಲಿ ಒಂದು ಬ್ರಾಸ್ ಎಂದರೆ ನೂರು ಚದರ ಅಡಿ, ಮರಳಿನಲ್ಲಿ ನೂರು ಘನ ಅಡಿ.

ಜಗಳದ ಬೇರು ಹೆಚ್ಚಾಗಿ ಬಾಗಿಲು ಕಿಟಕಿಗಳ ಕಡಿತದಲ್ಲಿರುತ್ತದೆ. ಬಾಗಿಲಿನ ಜಾಗದಲ್ಲಿ ಗಿಲಾವು ಇಲ್ಲ, ಆದ್ದರಿಂದ ಒಳಗೂ ಹೊರಗೂ ಎರಡೂ ಮುಖಗಳಲ್ಲಿ ಕಳೆಯಬೇಕು ಎಂದು ಬಿಲ್ಡರ್ ವಾದಿಸುತ್ತಾರೆ. ಬಾಗಿಲಿನ ಪಕ್ಕದ ದಡ, ಮೇಲಿನ ಅಂಚು, ಕಿಟಕಿಯ ಕೆಳಗಿನ ಪಟ್ಟಿ ಇವನ್ನು ಮೂಲೆ ಹಿಡಿದು ತೀಡಿದ ಗೌಂಡಿಗೆ ಅದಕ್ಕೇ ಅರ್ಧ ದಿನ ಹೋಗಿರುತ್ತದೆ. ಇದಕ್ಕೆ ಭಾರತೀಯ ಮಾನಕ ಬ್ಯೂರೋದ ಐಎಸ್ 1200 ಎಂಬ ಅಳತೆಯ ಮಾನಕದ 12ನೇ ಭಾಗದಲ್ಲಿ ಒಂದು ನ್ಯಾಯವಾದ ದಾರಿಯಿದೆ: ಅರ್ಧ ಚದರ ಮೀಟರ್‌ವರೆಗಿನ, ಅಂದರೆ ಸುಮಾರು 5.4 ಚದರ ಅಡಿಯವರೆಗಿನ ಕಿಂಡಿಯನ್ನು ಕಳೆಯುವಂತಿಲ್ಲ. ಅದಕ್ಕಿಂತ ದೊಡ್ಡದಾಗಿ 3 ಚದರ ಮೀಟರ್‌ವರೆಗಿನ, ಎಂದರೆ ಸುಮಾರು 32 ಚದರ ಅಡಿಯವರೆಗಿನ ತೆರವನ್ನು ಒಂದು ಮುಖದಲ್ಲಿ ಮಾತ್ರ ಕಳೆದು, ದಡ ಮತ್ತು ಅಂಚುಗಳಿಗೆ ಬೇರೆ ಹಣ ಕೇಳುವಂತಿಲ್ಲ. ಅದಕ್ಕೂ ದೊಡ್ಡದಿದ್ದರೆ ಎರಡೂ ಮುಖ ಕಳೆದು ದಡಗಳನ್ನು ಅಳೆದು ಸೇರಿಸಬೇಕು. ನಿಮ್ಮ ಒಪ್ಪಂದದಲ್ಲಿ ಬೇರೆ ಮಾತಾಗಿದ್ದರೆ ಆ ಮಾತೇ ನಡೆಯುತ್ತದೆ. ಮಾತೇ ಆಗಿರದಿದ್ದಲ್ಲಿ ಮಾನಕದ ಈ ಪುಟವನ್ನು ಮುಂದಿಡಬಹುದು.

ಸೇಡಂ ರಸ್ತೆಯ ಕಡೆಯ ಒಂದು ಮನೆಯಲ್ಲಿ ಇಬ್ಬರ ಲೆಕ್ಕಕ್ಕೂ ಮುನ್ನೂರು ಚದರ ಅಡಿಗಿಂತ ಹೆಚ್ಚಿನ ವ್ಯತ್ಯಾಸವಿತ್ತು. ‘ನೀ ಸುಳ್ಳು ಅಳತಿ ಬರದಿ’ ಎಂದು ಒಬ್ಬರು, ‘ನಿಮಗ ಕೊಡೂ ಮನಸ್ಸಿಲ್ಲ’ ಎಂದು ಇನ್ನೊಬ್ಬರು, ಎರಡು ತಿಂಗಳಿಂದ ಮಾತೇ ನಿಂತಿತ್ತು. ಮೂರಡಿ ಅಗಲ ಏಳಡಿ ಎತ್ತರದ ಎಂಟು ಬಾಗಿಲುಗಳಿದ್ದವು, ಒಂದೊಂದು 21 ಚದರ ಅಡಿಯಂತೆ 168. ನಾಲ್ಕಡಿ ಚೌಕದ ಹತ್ತು ಕಿಟಕಿಗಳು, ಒಂದೊಂದು 16ರಂತೆ 160. ಎರಡೂ ಸೇರಿ 328. ಒಬ್ಬರು ಇದನ್ನು ಒಂದು ಸಲ ಕಳೆದಿದ್ದರು, ಇನ್ನೊಬ್ಬರು ಎರಡು ಸಲ. ಚದರ ಅಡಿಗೆ 30 ರೂಪಾಯಿಯಂತೆ 9,840 ರೂಪಾಯಿಯ ಪ್ರಶ್ನೆ ಅದು. ಇಬ್ಬರೂ ತಮ್ಮ ತಮ್ಮ ಮಟ್ಟಿಗೆ ಪ್ರಾಮಾಣಿಕರೇ ಆಗಿದ್ದರು.

ಬಿಲ್ಡರ್ ಅಳತೆಗೆ ಬರಲೊಲ್ಲರಾದರೆ ದಿನ, ವೇಳೆ ಹೇಳಿ ಬರಹದಲ್ಲಿ ತಿಳಿಸಿ, ಆ ದಿನ ಒಬ್ಬ ಸಿವಿಲ್ ಎಂಜಿನಿಯರ್ ಮತ್ತು ಇಬ್ಬರು ಸಾಕ್ಷಿಗಳ ಮುಂದೆ ನೀವೇ ಅಳೆದು, ಟೇಪು ಗೋಡೆಗೆ ಹಿಡಿದಂತೆಯೇ ಫೋಟೋ ತೆಗೆದು, ಎಂಜಿನಿಯರ್ ಸಹಿ ಮಾಡಿದ ಪಟ್ಟಿಯನ್ನು ಬಿಲ್ಡರ್‌ಗೆ ಕಳಿಸಿ.

ದೋಷದ ಮಾತು ಬಂದಾಗ

ಅಳತೆ ಒಪ್ಪಿದ ಮೇಲೆ ಮುಂದಿನ ಆಕ್ಷೇಪ ಬಿರುಕು. ಎರೆ ನೆಲದ ಈ ಸೀಮೆಯಲ್ಲಿ ಬಿರುಕಿಲ್ಲದ ಮನೆ ಅಪರೂಪ, ಆದರೆ ಎಲ್ಲ ಬಿರುಕೂ ಗಿಲಾವಿನದಲ್ಲ. ಮಳೆಗಾಲದಲ್ಲಿ ಉಬ್ಬಿ ಬೇಸಿಗೆಯಲ್ಲಿ ಬಾಯಿ ಬಿಡುವ ಎರೆ ಮಣ್ಣಿನ ಮೇಲೆ ತಳಪಾಯ ಸಾಕಷ್ಟು ಆಳಕ್ಕೆ ಹೋಗದಿದ್ದರೆ ಕಿಟಕಿಯ ಮೂಲೆಗಳಿಂದ ಓರೆಯಾಗಿ, ಇಟ್ಟಿಗೆಯ ಸಂದಿಗಳನ್ನೇ ಹಿಡಿದು ಮೆಟ್ಟಿಲಿನಂತೆ ಏರುವ ಬಿರುಕುಗಳು ಬರುತ್ತವೆ. ಅವು ಗೋಡೆಯ ಎರಡೂ ಮುಖಗಳಲ್ಲಿ ಕಾಣುತ್ತವೆ. ಗಿಲಾವಿನ ಬಿರುಕು ಮೇಲ್ಮೈಯಲ್ಲಿ ಜೇಡರ ಬಲೆಯಂತೆ ಹರಡಿರುತ್ತದೆ. ಅದಕ್ಕೆ ಕಾರಣ ಸಾಮಾನ್ಯವಾಗಿ ಸಿಮೆಂಟು ಹೆಚ್ಚಾದದ್ದು, ಮರಳಿನಲ್ಲಿ ಮಣ್ಣಿದ್ದದ್ದು ಅಥವಾ ನೀರು ಹೊಡೆಯದಿದ್ದದ್ದು. ಕಾಂಕ್ರೀಟ್ ಕಾಲಮ್ಮಿಗೂ ಇಟ್ಟಿಗೆ ಗೋಡೆಗೂ ಸೇರುವಲ್ಲಿ ನೇರ ಗೆರೆಯಂತೆ ಬಿರುಕು ಬಂದಿದ್ದರೆ ಅಲ್ಲಿ ಕೋಳಿ ಜಾಳಿಗೆ (ತೆಳು ತಂತಿಯ ಬಲೆ) ಹಾಕಿರಲಿಲ್ಲವೆಂದು ಸಾಮಾನ್ಯವಾಗಿ ಅರ್ಥ, ಆಗ ಜಾಳಿಗೆ ತರಿಸಿಕೊಡಬೇಕಾದವರು ಯಾರಾಗಿದ್ದರು ಎಂಬುದನ್ನು ನೋಡಬೇಕಾಗುತ್ತದೆ.

ಗಿಲಾವಿಗೆ ಕನಿಷ್ಠ ಏಳು ದಿನ ನೀರು ಬೇಕು. ಏಪ್ರಿಲ್, ಮೇ ತಿಂಗಳುಗಳಲ್ಲಿ ಬಿಸಿಲು 40 ಡಿಗ್ರಿ ದಾಟುವ ಕಲಬುರಗಿಯಲ್ಲಿ ದಿನಕ್ಕೊಮ್ಮೆ ಪೈಪು ಹಿಡಿದರೆ ಸಾಲದು. ನೀರಿನ ಟ್ಯಾಂಕರ್ ತರಿಸುವುದು ಬಿಲ್ಡರ್‌ನ ಹೊಣೆಯಾಗಿದ್ದು, ಟ್ಯಾಂಕರ್ ಬಾರದ ದಿನಗಳನ್ನು ನೀವು ಅಂದೇ ವಾಟ್ಸ್ಆ್ಯಪಿನಲ್ಲಿ ತಿಳಿಸಿದ್ದರೆ ಆ ಸಂದೇಶಗಳು ಇಂದು ನಿಮ್ಮ ಕೈ ಹಿಡಿಯುತ್ತವೆ. ದೋಷ ನಿಜವಾಗಿಯೂ ನಿಮ್ಮದಾಗಿದ್ದರೆ ಒಪ್ಪಿ, ಇಂತಿಷ್ಟು ದಿನದಲ್ಲಿ ಸರಿಪಡಿಸುತ್ತೇನೆಂದು ಬರೆದುಕೊಡಿ. ಎರಡು ಗೋಡೆಯ ದೋಷಕ್ಕೆ ಇಡೀ ಮನೆಯ ಹಣ ಹಿಡಿಯುವುದು ನ್ಯಾಯವಲ್ಲ ಎಂಬ ವಾದ ಆಗ ಗಟ್ಟಿಯಾಗುತ್ತದೆ. ಮೊದಲೇ ಒಪ್ಪಿಕೊಂಡಿದ್ದರೆ ನೂರಕ್ಕೆ ಐದೋ ಹತ್ತೋ ಹಣವನ್ನು ಬಿಲ್ಡರ್ ಕೆಲವು ತಿಂಗಳು ತಡೆಹಿಡಿಯಬಹುದು, ಆದರೆ ಅದನ್ನು ಬಿಡುಗಡೆ ಮಾಡುವ ತಾರೀಖು ಕಾಗದದಲ್ಲಿರಬೇಕು.

ಕಾಗದವಿಲ್ಲದವರ ಪುರಾವೆ

ಬಾಯಿಮಾತಿನ ಒಪ್ಪಂದವೂ ಒಪ್ಪಂದವೇ. ಅಷ್ಟೇ ಅಲ್ಲ, 1872ರ ಭಾರತೀಯ ಕರಾರು ಕಾಯ್ದೆಯ 70ನೇ ಕಲಮಿನ ಪ್ರಕಾರ ಪುಕ್ಕಟೆ ಮಾಡುವ ಉದ್ದೇಶವಿಲ್ಲದೆ ಒಬ್ಬರು ಮಾಡಿಕೊಟ್ಟ ಕಾನೂನುಬದ್ಧ ಕೆಲಸದ ಲಾಭವನ್ನು ಇನ್ನೊಬ್ಬರು ಪಡೆದಿದ್ದರೆ ಅದಕ್ಕೆ ತಕ್ಕ ಪರಿಹಾರ ಕೊಡಬೇಕಾಗುತ್ತದೆ. ಮಾತಿನ ಮೇಲೆ ಮಾಡಿಸಿಕೊಂಡ ಹೆಚ್ಚುವರಿ ಕೆಲಸಗಳಿಗೆ ಈ ಕಲಮು ಆಸರೆ. ಆದರೆ ಕೆಲಸ ಆಗಿದೆಯೆಂಬುದನ್ನು ತೋರಿಸುವ ಹೊಣೆ ನಿಮ್ಮದೇ.

ಹಾಜರಿ ಪುಸ್ತಕ, ಸೂಪರ್‌ವೈಸರ್ ‘ಓಕೆ, ನಾಳೆ ಹೊರಗಿನದು ಶುರು ಮಾಡ್ರಿ’ ಎಂದು ಕಳಿಸಿದ ಸಂದೇಶ, ಸಿಮೆಂಟು ಇಳಿಸಿಕೊಂಡ ಚೀಟಿ, ತಾರೀಖು ಕಾಣುವ ಫೋಟೋಗಳು, ಬ್ಯಾಂಕಿನ ಪಾಸ್‌ಬುಕ್ಕು ಇವೆಲ್ಲ ಪುರಾವೆಗಳು. ಬಿಲ್ಡರ್ ನಿಮ್ಮ ಪ್ಯಾನ್ ಸಂಖ್ಯೆ ಪಡೆದು ಗುತ್ತಿಗೆ ಹಣದಲ್ಲಿ ಟಿಡಿಎಸ್ (ಮೂಲದಲ್ಲೇ ತೆರಿಗೆ) ಮುರಿದಿದ್ದರೆ, 26ಎಎಸ್ ಎಂದು ಎಲ್ಲರೂ ಕರೆಯುವ ತೆರಿಗೆ ವಿವರಪಟ್ಟಿಯಲ್ಲಿ ಅವರ ಹೆಸರೂ ಮೊತ್ತವೂ ಬಂದಿರುತ್ತವೆ. ‘ಇವರು ನಮ್ಮಲ್ಲಿ ಕೆಲಸವನ್ನೇ ಮಾಡಿಲ್ಲ’ ಎಂಬ ವಾದ ಅಲ್ಲಿಗೆ ಮುಗಿಯುತ್ತದೆ. ಫೋನಿನ ಸಂದೇಶಗಳನ್ನು ನ್ಯಾಯಾಲಯದಲ್ಲಿ ಹಾಜರುಪಡಿಸುವಾಗ 2023ರ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಪ್ರಮಾಣಪತ್ರ ಬೇಕಾಗುತ್ತದೆ. ಆದ್ದರಿಂದ ಆ ಫೋನನ್ನು ಮಾರಬೇಡಿ, ಫಾರ್ಮ್ಯಾಟ್ ಮಾಡಿಸಬೇಡಿ.

ಪತ್ರ

ಅಳತೆ, ಲೆಕ್ಕ ಕೈಯಲ್ಲಿರುವಾಗ ವಕೀಲರ ನೋಟಿಸಿಗೂ ಮೊದಲು ನಿಮ್ಮದೇ ಹೆಸರಿನಲ್ಲಿ ಒಂದು ಪತ್ರ ಹೋಗಲಿ. ಬೈಗುಳವಾಗಲಿ ಅಳಲಾಗಲಿ ಅದರಲ್ಲಿ ಇರಬಾರದು. ಈ ಮಾದರಿ ಸಾಕು:

‘ಮಾನ್ಯರೇ, ತಮ್ಮ ಕೋರಿಕೆಯಂತೆ ಮೇಲ್ಕಂಡ ವಿಳಾಸದ ಮನೆಯ ಗಿಲಾವು ಕೆಲಸವನ್ನು ಮುಗಿಸಿಕೊಟ್ಟಿದ್ದೇನೆ. ಜಂಟಿ ಅಳತೆಯ ಪ್ರಕಾರ ಒಳಗೋಡೆ 6,240 ಚದರ ಅಡಿ, ದರ 30ರಂತೆ 1,87,200 ರೂಪಾಯಿ. ಹೊರಗೋಡೆ 2,150 ಚದರ ಅಡಿ, ದರ 38ರಂತೆ 81,700 ರೂಪಾಯಿ. ತಾವು ಹೇಳಿ ಮಾಡಿಸಿದ ಹೆಚ್ಚುವರಿ ಕೆಲಸ 9,500 ರೂಪಾಯಿ. ಒಟ್ಟು 2,78,400 ರೂಪಾಯಿಯಲ್ಲಿ ನನಗೆ ತಲುಪಿದ್ದು 1,90,000. ಉಳಿದ 88,400 ರೂಪಾಯಿಯನ್ನು ಈ ಪತ್ರ ತಲುಪಿದ 15 ದಿನಗಳೊಳಗೆ ಪಾವತಿಸಬೇಕೆಂದು ಕೋರುತ್ತೇನೆ. ತಪ್ಪಿದಲ್ಲಿ ಈ ಪತ್ರದ ದಿನಾಂಕದಿಂದ ಬಡ್ಡಿಯನ್ನೂ ಕೇಳಲಾಗುವುದು. ಲೆಕ್ಕದಲ್ಲಿ ತಕರಾರಿದ್ದರೆ ಯಾವ ಬಾಬಿನಲ್ಲಿ ಎಂಬುದನ್ನು ಬರಹದಲ್ಲಿ ತಿಳಿಸಬೇಕು.’

ಬಡ್ಡಿಯ ಸಾಲನ್ನು ಬಿಡಬೇಡಿ. ಒಪ್ಪಂದದಲ್ಲಿ ಬಡ್ಡಿಯ ಮಾತಿಲ್ಲದಿದ್ದರೂ, ಬಡ್ಡಿ ಕೇಳುತ್ತೇನೆಂದು ಬರಹದಲ್ಲಿ ತಿಳಿಸಿದ ದಿನದಿಂದ ಅದನ್ನು ಕೊಡಿಸಲು 1978ರ ಬಡ್ಡಿ ಕಾಯ್ದೆ ನ್ಯಾಯಾಲಯಕ್ಕೆ ಅವಕಾಶ ಕೊಡುತ್ತದೆ. ಪತ್ರವನ್ನು ಸ್ವೀಕೃತಿ ಬರುವಂತೆ ಅಂಚೆಯಲ್ಲಿ ಕಳಿಸಿ, ರಸೀದಿಯನ್ನು ಪತ್ರದ ನಕಲಿಗೆ ಪಿನ್ ಮಾಡಿಡಿ. ಹಳೆಯ ರಿಜಿಸ್ಟರ್ ಪೋಸ್ಟು 2025ರಲ್ಲಿ ಸ್ಪೀಡ್ ಪೋಸ್ಟಿನಲ್ಲಿ ಸೇರಿಹೋಗಿರುವುದರಿಂದ ಕೌಂಟರಿನಲ್ಲಿ ಸ್ವೀಕೃತಿ ಬರುವ ಸ್ಪೀಡ್ ಪೋಸ್ಟ್ ಎಂದೇ ಕೇಳಬೇಕು.

ಹಿರಿಯರ ರಾಜಿ ಮತ್ತು ಚೆಕ್ಕು

ನಮ್ಮ ಭಾಗದಲ್ಲಿ ಪತ್ರ ತಲುಪಿದ ವಾರದೊಳಗೆ ಇಬ್ಬರಿಗೂ ಬೇಕಾದ ಹಿರಿಯರೊಬ್ಬರು ಫೋನು ಮಾಡುತ್ತಾರೆ. ಹೋಗಿ ಕುಳಿತುಕೊಳ್ಳಿ, ಐದು ಸಾವಿರ ಬಿಟ್ಟುಕೊಟ್ಟು ಇಂದೇ ಹಣ ಬರುವುದಾದರೆ ನಾನು ಬಿಡಿ ಎನ್ನುವವನೇ. ಆದರೆ ಪೂರ್ತಿ ಹಣ ಕೈಗೆ ಬರುವ ಮೊದಲು ‘ಲೆಕ್ಕ ಚುಕ್ತಾ ಆಗಿದೆ, ಯಾವ ಬಾಕಿಯೂ ಇಲ್ಲ’ ಎಂಬ ಕಾಗದಕ್ಕೆ ಸಹಿ ಹಾಕಬೇಡಿ. ಕಂತಿನ ರಾಜಿಯಾದರೆ ಬಾಕಿಯ ಮೊತ್ತವನ್ನು ಬರೆದು ಬಿಲ್ಡರ್ ಸಹಿ ಮಾಡಿದ ಒಪ್ಪಿಗೆ ಪತ್ರವನ್ನೂ, ಕಂತುಗಳಿಗೆ ತಾರೀಖು ಹಾಕಿದ ಚೆಕ್ಕುಗಳನ್ನೂ ಪಡೆಯಿರಿ.

ಚೆಕ್ಕು ಹಣವಿಲ್ಲದೆ ಮರಳಿದರೆ 1881ರ ವರ್ಗಾವಣೀಯ ಲಿಖಿತಗಳ ಕಾಯ್ದೆಯ 138ನೇ ಕಲಮು ಅನ್ವಯಿಸುತ್ತದೆ, ಆದರೆ ಅದರ ಗಡುವುಗಳು ಕಟ್ಟುನಿಟ್ಟು. ಚೆಕ್ಕನ್ನು ಅದರ ಮೇಲಿನ ತಾರೀಖಿನಿಂದ ಮೂರು ತಿಂಗಳೊಳಗೆ ಬ್ಯಾಂಕಿಗೆ ಹಾಕಿರಬೇಕು. ಬ್ಯಾಂಕಿನ ಮೆಮೊ ಜೂನ್ 10ಕ್ಕೆ ನಿಮ್ಮ ಕೈಗೆ ಬಂತೆನ್ನಿ. 30 ದಿನಗಳೊಳಗೆ, ಅಂದರೆ ಜುಲೈ 10ರೊಳಗೆ ನೋಟಿಸು ಕಳಿಸಬೇಕು. ಅದು ಜುಲೈ 15ಕ್ಕೆ ತಲುಪಿದರೆ ಹಣ ಕೊಡಲು ಬಿಲ್ಡರ್‌ಗೆ 15 ದಿನ, ಜುಲೈ 30ರವರೆಗೆ ಸಮಯ. ಆಮೇಲಿನ ಒಂದು ತಿಂಗಳೊಳಗೆ ಮ್ಯಾಜಿಸ್ಟ್ರೇಟರ ಮುಂದೆ ದೂರು ಹೋಗಬೇಕು. ‘ಇನ್ನೊಮ್ಮೆ ಹಾಕಿ ನೋಡ್ರಿ’ ಎಂಬ ಮಾತು ಕೇಳುತ್ತ ಕುಳಿತವರು ಈ ಗಡುವನ್ನೇ ಕಳೆದುಕೊಳ್ಳುತ್ತಾರೆ. ಬಿಲ್ಡರ್‌ನ ಖಾತೆ ಹೈದರಾಬಾದಿನಲ್ಲೋ ಸೋಲಾಪುರದಲ್ಲೋ ಇದ್ದರೂ ಹೆದರಬೇಕಿಲ್ಲ. 2015ರ ತಿದ್ದುಪಡಿಯಾದ ಮೇಲೆ, ನೀವು ಚೆಕ್ಕನ್ನು ನಿಮ್ಮ ಖಾತೆಗೆ ಹಾಕಿದ್ದರೆ, ಆ ಖಾತೆಯಿರುವ ಶಾಖೆಯ ವ್ಯಾಪ್ತಿಯ ನ್ಯಾಯಾಲಯದಲ್ಲೇ ದೂರು ಕೊಡಬೇಕು.

ಮುಂದಿನ ಬಾಗಿಲುಗಳು

ಪೊಲೀಸ್ ಠಾಣೆ ಸಾಲ ವಸೂಲಿಯ ಜಾಗವಲ್ಲ. ಮೊದಲ ದಿನದಿಂದಲೇ ಮೋಸದ ಉದ್ದೇಶವಿತ್ತೆಂದು ತೋರಿಸಲಾಗದಿದ್ದರೆ ಅಲ್ಲಿ ಸಿಗುವ ಉತ್ತರ ‘ಸಿವಿಲ್ ಮ್ಯಾಟರ್’ ಎಂಬುದಷ್ಟೇ.

ಕಿರು, ಸಣ್ಣ ಉದ್ಯಮಗಳಿಗೆ ಸರಕಾರ ಕೊಡುವ ಉದ್ಯಮ್ ನೋಂದಣಿಯನ್ನು ನೀವು ಮಾಡಿಸಿದ್ದರೆ 2006ರ ಎಂಎಸ್‌ಎಂಇ ಅಭಿವೃದ್ಧಿ ಕಾಯ್ದೆಯ ನೆರವು ಕೇಳಬಹುದು. ಅದರ ಪ್ರಕಾರ ಒಪ್ಪಂದದಲ್ಲಿ ಏನೇ ಇದ್ದರೂ 45 ದಿನ ಮೀರಿ ಹಣ ತಡೆಯುವಂತಿಲ್ಲ, ತಡೆದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ ಬೀಳುತ್ತದೆ. ಆದರೆ ಕಟ್ಟಡ ಕಾಮಗಾರಿಯ ಗುತ್ತಿಗೆಗಳಿಗೆ ಇದು ಅನ್ವಯಿಸುತ್ತದೆಯೇ ಎಂಬುದರಲ್ಲಿ ಹೈಕೋರ್ಟುಗಳ ಅಭಿಪ್ರಾಯ ಒಂದೇ ಆಗಿಲ್ಲ, ಜಗಳ ಶುರುವಾದ ಮೇಲೆ ಮಾಡಿಸಿದ ನೋಂದಣಿ ಹಿಂದಿನ ಕೆಲಸಕ್ಕೆ ನೆರವಾಗುವುದೂ ಕಷ್ಟ. ನೋಂದಣಿ ಉಚಿತ, ಮುಂದಿನ ಕೆಲಸ ಹಿಡಿಯುವ ಮೊದಲು ಮಾಡಿಸಿಡಿ.

ಚಿಕ್ಕ ಮೊತ್ತದ ಬಾಕಿಗೆ ನನ್ನ ಸಲಹೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ. ದಾವೆ ಹೂಡುವ ಮೊದಲೇ ಅಲ್ಲಿ ಅರ್ಜಿ ಕೊಟ್ಟರೆ ಎದುರಿನವರನ್ನು ಕರೆಸಿ ಲೋಕ ಅದಾಲತ್ತಿನಲ್ಲಿ ರಾಜಿಗೆ ಕೂರಿಸುತ್ತಾರೆ, ಶುಲ್ಕವಿಲ್ಲ. ಅಲ್ಲಿ ಆದ ರಾಜಿಗೆ ಸಿವಿಲ್ ನ್ಯಾಯಾಲಯದ ಡಿಕ್ರಿಯಷ್ಟೇ ಬಲವಿದೆ, ಅದರ ಮೇಲೆ ಮೇಲ್ಮನವಿಯೂ ಇಲ್ಲ. ಮಹಿಳೆಯರು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಅಂಗವಿಕಲರು ಇವರಿಗೆ ಆದಾಯ ನೋಡದೆ ಉಚಿತ ವಕೀಲರನ್ನೂ ಕೊಡುತ್ತಾರೆ. ಸಹಾಯವಾಣಿ 15100.

ರಾಜಿಗೆ ಬಾರದಿದ್ದರೆ ಸಿವಿಲ್ ದಾವೆಯೇ ದಾರಿ. 3 ಲಕ್ಷ ಅಥವಾ ಹೆಚ್ಚಿನ ಬಾಕಿ ವಾಣಿಜ್ಯ ವ್ಯಾಜ್ಯವಾದಲ್ಲಿ, ತುರ್ತು ಆದೇಶ ಬೇಕಿಲ್ಲದಿದ್ದರೆ, ದಾವೆಗೂ ಮೊದಲು ಮಧ್ಯಸ್ಥಿಕೆಗೆ ಹೋಗಲೇಬೇಕು. ಹಣ ಕೊಡುವ ದಿನ ಗೊತ್ತುಮಾಡಿರದ ಕೆಲಸದ ಬಾಕಿಗೆ, ಕೆಲಸ ಮುಗಿದ ದಿನದಿಂದ ಮೂರು ವರ್ಷದ ಕಾಲಮಿತಿ: 2024ರ ಮಾರ್ಚ್ 15ಕ್ಕೆ ಮುಗಿದ ಕೆಲಸಕ್ಕೆ 2027ರ ಮಾರ್ಚ್ 15ರವರೆಗೆ. ಈ ಅವಧಿಯೊಳಗೆ ಬಿಲ್ಡರ್ ಬಾಕಿಯನ್ನು ಸಹಿ ಮಾಡಿದ ಬರಹದಲ್ಲಿ ಒಪ್ಪಿಕೊಂಡರೆ ಅಂದಿನಿಂದ ಹೊಸ ಮೂರು ವರ್ಷ ಸಿಗುತ್ತವೆ. ನಡುವೆ ಐದು ಸಾವಿರ ಕೈಗಿಟ್ಟದ್ದು ಎಣಿಕೆಗೆ ಬರಬೇಕಾದರೂ ಅವರ ಕೈಬರಹ ಅಥವಾ ಸಹಿ ಬೇಕು, ಆದ್ದರಿಂದ ಹಬ್ಬಕ್ಕೆಂದು ಕೊಟ್ಟ ಪುಡಿಗಾಸಿಗೂ ಒಂದು ಚೀಟಿ ಬರೆಸಿಕೊಳ್ಳಿ.

ಸೆಂಟ್ರಿಂಗಿನವರಿಗೆ ಪ್ರತ್ಯೇಕವಾಗಿ ಹೇಳಬೇಕಾದದ್ದೊಂದಿದೆ. ಹಣ ಬರಲಿಲ್ಲವೆಂದು ಹಾಕಿದ ಟೈಲ್ಸ್ ಕೀಳುವುದು, ಮನೆಗೆ ಬೀಗ ಜಡಿಯುವುದು, ಬಿಲ್ಡರ್‌ನ ಸಿಮೆಂಟು ಹೊತ್ತೊಯ್ಯುವುದು ಇವುಗಳಿಂದ ನಿಮ್ಮ ಮೇಲೆಯೇ ಕೇಸು ಬೀಳುತ್ತದೆ. ನಿಮ್ಮದೇ ಆದ ಸೆಂಟ್ರಿಂಗ್ ಪ್ಲೇಟು, ಆಧಾರದ ಜಾಕಿ, ಬಲ್ಲಿ (ಮರದ ಕಂಬ) ಇವುಗಳ ಮಾತು ಬೇರೆ. ಸೈಟಿಗೆ ಇಳಿಸಿದ ದಿನವೇ ಇಂತಿಷ್ಟು ಪ್ಲೇಟು, ಇಂತಿಷ್ಟು ಜಾಕಿ ಎಂದು ಪಟ್ಟಿ ಬರೆದು ಸೂಪರ್‌ವೈಸರ್‌ನ ಸಹಿ ಪಡೆದು, ಪ್ಲೇಟಿನ ಹಿಂದೆ ನಿಮ್ಮ ಬಣ್ಣದ ಗುರುತು ಹಾಕಿಡಿ. ಸ್ಲ್ಯಾಬಿನ ಅವಧಿ ಮುಗಿದೊಡನೆ ಆ ಪಟ್ಟಿ ತೋರಿಸಿ ಸಾಮಾನು ಬಿಡಿಸಿಕೊಳ್ಳಿ, ಹಣದ ಲೆಕ್ಕಕ್ಕಾಗಿ ಅದನ್ನು ಅಲ್ಲಿ ಬಿಟ್ಟು ಬರಬೇಡಿ.